ಉಣ್ಣೆ ಅಂದ್ರೆ ಸ್ವೆಟರ್ ಹೆಣೆಯೋದಲ್ವಾ ಟೀಚರ್?

ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆಯ ಸುತ್ತ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಮಳೆಗಾಲದಲ್ಲಿ ಇಲ್ಲಿ ಇಲಿ ಜ್ವರ, ಡೆಂಗಿಯ ಮಾತು. ಚಳಿ ಬಿದ್ದು ಅಡಿಕೆ ಕೊನೆ ಕೊಯ್ಲು ಶುರುವಾಯಿತು ಅಂದರೆ ಮಂಗನ ಕಾಯಿಲೆಯ ಮಾತು.

ಈ ಬರಹ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಬಗ್ಗೆ. ಜೊತೆಗೆ ಅದೇ ತರಗತಿಯ ಕೊನೇ ಬೆಂಚಿನ ಒಬ್ಬ ಹುಡುಗನೂ ಬರುತ್ತಾನೆ. ಇಬ್ಬರ ಹೆಸರನ್ನೂ ಹೇಳುವುದಿಲ್ಲ. ಮಕ್ಕಳಿಗೆ ಆರೋಗ್ಯದ ವಿಷಯ ಎಷ್ಟು ತಿಳಿದಿದೆ ಅಂತ ಅಳೆಯಲು ಹೊರಟಿದ್ದೆ. ಆ ಕೆಲಸದಲ್ಲಿ ಎಲ್ಲೆಲ್ಲಿ ತಪ್ಪಿದೆ ಅನ್ನುವುದನ್ನೂ ಬಿಡದೆ ಬರೆಯುತ್ತೇನೆ. ಬೇರೆ ಶಾಲೆಯವರಿಗೆ, ಆರೋಗ್ಯ ಇಲಾಖೆಯಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರಬಹುದು.

ಗೂಡಿನಲ್ಲಿದ್ದ ಮೂರು ಬಾಟಲಿ

ಡಿಸೆಂಬರ್‌ನಲ್ಲಿ ಶಾಲೆಯಲ್ಲಿ ಮಂಗನ ಕಾಯಿಲೆಯ ಬಗ್ಗೆ ಪ್ರಬಂಧ ಸ್ಪರ್ಧೆ ಇಟ್ಟಿದ್ದೆವು. ಈ ಹುಡುಗಿಗೆ ಮೊದಲ ಬಹುಮಾನ. ಅವಳು ಬರೆದದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ವೈರಸ್‌ನಿಂದ ಬರುವುದು, ಸೋಂಕಿರುವ ಉಣುಗು (ಮೈಗೆ ಹತ್ತಿ ರಕ್ತ ಹೀರುವ ಸಣ್ಣ ಹುಳ) ಕಚ್ಚಿದರೆ ಹರಡುವುದು, ಮನುಷ್ಯರಿಂದ ಮನುಷ್ಯರಿಗೆ ಹರಡದೇ ಇರುವುದು, ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ಡೆಪಾ ತೈಲ ಹಚ್ಚಿಕೊಳ್ಳಬೇಕು ಅನ್ನುವುದು. ಎಲ್ಲ ಇತ್ತು. ಮೊದಲು ಲಸಿಕೆ ಕೊಡುತ್ತಿದ್ದರು, 2022ರಲ್ಲಿ ನಿಲ್ಲಿಸಿದರು ಅಂತಲೂ ಬರೆದಿದ್ದಳು.

ಜನವರಿಯಲ್ಲಿ ಅವಳ ಅಪ್ಪನಿಗೆ ಜ್ವರ ಬಂತು. ಕೊಟ್ಟಿಗೆಗೆ ಹಾಸಲು ದರಕು (ಉದುರಿದ ಒಣ ಎಲೆ) ತರಲಿಕ್ಕೆ ಬೆಟ್ಟಕ್ಕೆ ಹೋಗಿ ಬಂದ ವಾರದಲ್ಲೇ ತಲೆನೋವು, ಮೈಕೈ ನೋವು. ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು ಶಿವಮೊಗ್ಗದ ಲ್ಯಾಬಿಗೆ ಕಳಿಸಿದರು. ಹುಡುಗಿ ಶಾಲೆಗೆ ಬಂದಿರಲಿಲ್ಲ. ಸಂಜೆ ನಾನೇ ಮನೆಗೆ ಹೋದೆ.

ಜಗಲಿಯ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಕುಂಕುಮದ ಭರಣಿ, ಟಾರ್ಚು, ಅವುಗಳ ಹಿಂದೆ ಸಾಲಾಗಿ ಮೂರು ಡೆಪಾ ತೈಲದ ಬಾಟಲಿ. ಆಶಾ ಕಾರ್ಯಕರ್ತೆ ಕೊಟ್ಟು ಹೋಗಿದ್ದು. ಮೂರರ ಮುಚ್ಚಳವೂ ತೆರೆದಿರಲಿಲ್ಲ. ಮೇಲೆ ತೆಳುವಾಗಿ ಧೂಳು ಕೂತಿತ್ತು.

ಎರಡು ದಿನದ ಮೇಲೆ ರಿಪೋರ್ಟ್ ಬಂತು, ಮಂಗನ ಕಾಯಿಲೆ ಅಲ್ಲ. ಜ್ವರವೂ ಇಳಿಯಿತು. ಆದರೆ ಆ ಮೂರು ಬಾಟಲಿ ನನ್ನ ಕಣ್ಣಿಂದ ಹೋಗಲಿಲ್ಲ. ಅಷ್ಟು ಚೆನ್ನಾಗಿ ಬರೆದ ಹುಡುಗಿಯ ಮನೆಯಲ್ಲೇ ಹೀಗಾದರೆ ನಾನು ಪಾಠ ಮಾಡಿ ಏನು ಬಂತು? ಬಾಯಿಪಾಠ ಮಾಡಿ ಬರೆದಿದ್ದಾಳೆ, ಅಷ್ಟೇ ಅಂದುಕೊಂಡೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕಿತ್ತು.

ಅಳತೆಗೋಲು ಹುಡುಕಿದ್ದು

ಪರೀಕ್ಷೆಯ ಅಂಕ ಒಂದು ಕಡೆ, ಮನೆಯಲ್ಲಿ ನಡೆಯುವುದು ಇನ್ನೊಂದು ಕಡೆ. ಇದರ ನಡುವೆ ಇರುವುದಕ್ಕೆ ಆರೋಗ್ಯ ಸಾಕ್ಷರತೆ ಅನ್ನುತ್ತಾರೆ. ಓದು ಬರಹ ಬಂದರೆ ಸಾಲದು. ಬೇಕಾದ ಮಾಹಿತಿ ಹುಡುಕಿಕೊಳ್ಳಬೇಕು, ಅದು ಅರ್ಥವಾಗಬೇಕು, ನಂಬಬಹುದಾ ಅಂತ ತೂಗಿ ನೋಡಬೇಕು, ಆಮೇಲೆ ಅದನ್ನು ಬಳಸಬೇಕು. ನಾಲ್ಕೂ ಸೇರಿದರೆ ಆರೋಗ್ಯ ಸಾಕ್ಷರತೆ. ಸಾರ್ವಜನಿಕ ಆರೋಗ್ಯ ತಜ್ಞ ಡಾನ್ ನಟ್‌ಬೀಮ್ ಎಂಬುವರು 2000ದಲ್ಲಿ ಇದನ್ನು ಮೂರು ಹಂತ ಮಾಡಿ ಹೇಳಿದರು. ಓದಿ ತಿಳಿದುಕೊಳ್ಳುವುದು ಮೊದಲ ಹಂತ. ನಾಲ್ಕು ಜನರ ಹತ್ತಿರ ಮಾತಾಡಿ ತಿಳಿದುಕೊಂಡು ತನ್ನ ಜೀವನಕ್ಕೆ ಹೊಂದಿಸಿಕೊಳ್ಳುವುದು ಎರಡನೆಯದು. ಸರಿ ತಪ್ಪು ವಿಚಾರ ಮಾಡಿ, ಸುತ್ತಲಿನದನ್ನೂ ಬದಲಿಸಲು ನೋಡುವುದು ಮೂರನೆಯದು.

ಅಳೆಯಲು ಸಿದ್ಧ ಪರೀಕ್ಷೆಗಳು ಬೇಕಾದಷ್ಟಿವೆ. ಹದಿಹರೆಯದವರಿಗೆ ಅಂತ 2006ರಲ್ಲಿ ಅಮೆರಿಕದಲ್ಲಿ ಮಾಡಿದ ರಿಯಲ್ಮ್-ಟೀನ್ ಎಂಬುದೊಂದಿದೆ. 66 ವೈದ್ಯಕೀಯ ಪದಗಳನ್ನು ಮಗು ಗಟ್ಟಿಯಾಗಿ ಓದಬೇಕು. ಸರಿಯಾಗಿ ಉಚ್ಚರಿಸಿದಷ್ಟಕ್ಕೆ ಅಂಕ. ಇದು ಇಂಗ್ಲಿಷಿಗೆ ಸರಿ. ಅಲ್ಲಿ ಬರೆದದ್ದು ಒಂದು, ಓದುವುದು ಇನ್ನೊಂದು. ಪದದ ಪರಿಚಯ ಇಲ್ಲದವರು ತಡವರಿಸುತ್ತಾರೆ. ಕನ್ನಡದಲ್ಲಿ ಹಾಗಿಲ್ಲವಲ್ಲ! ಅಕ್ಷರ ಕೂಡಿಸಲು ಬರುವ ನಾಲ್ಕನೇ ತರಗತಿಯ ಮಗು "ಹಿಮೋಗ್ಲೋಬಿನ್" ಅಂತ ನೀಟಾಗಿ ಓದಿಬಿಡುತ್ತದೆ. ಅದೇನು ತಿನ್ನುವುದೋ ಕುಡಿಯುವುದೋ ಗೊತ್ತಿರುವುದಿಲ್ಲ. ಸ್ಪ್ಯಾನಿಷ್ ಭಾಷೆಯಲ್ಲೂ ಇದೇ ತೊಂದರೆ ಬಂದು, ಅಲ್ಲಿ ಪದದ ಜೊತೆ ಅರ್ಥವನ್ನೂ ಕೇಳುವ ಬೇರೆ ಪರೀಕ್ಷೆ ಮಾಡಬೇಕಾಯಿತು. ನಮ್ಮಲ್ಲಿ ಓದಿಸಿ ಅಳೆಯುವವರು ಇದನ್ನು ಮರೆಯಲೇಬಾರದು. ಚೆನ್ನಾಗಿ ಓದುವ ಮಗುವನ್ನು ನೋಡಿ ನಾವು ಮೇಷ್ಟ್ರು ಬೇಗ ಮೋಸಹೋಗುತ್ತೇವೆ.

ಇನ್ನೊಂದು 2005ರ ನ್ಯೂಯೆಸ್ಟ್ ವೈಟಲ್ ಸೈನ್. ಐಸ್‌ಕ್ರೀಮ್ ಡಬ್ಬದ ಮೇಲಿನ ಪೋಷಕಾಂಶದ ಪಟ್ಟಿ ಕೊಟ್ಟು ಆರು ಪ್ರಶ್ನೆ ಕೇಳುತ್ತಾರೆ. ಈ ಉಪಾಯ ನನಗೆ ಹಿಡಿಸಿತು. ನಿನಗೆ ಗೊತ್ತಾ ಅಂತ ಕೇಳುವ ಬದಲು ಮಾಡಿ ತೋರಿಸು ಅನ್ನುತ್ತದೆ. ಐಸ್‌ಕ್ರೀಮ್ ಡಬ್ಬ ನಮ್ಮ ಮಕ್ಕಳ ಮನೆಯಲ್ಲಿಲ್ಲ, ಅಷ್ಟೇ.

ಮೂರನೆಯದು ಫಿನ್‌ಲ್ಯಾಂಡಿನವರು 2016ರಲ್ಲಿ ಪ್ರಕಟಿಸಿದ ಹತ್ತು ವಾಕ್ಯಗಳ ಪ್ರಶ್ನಾವಳಿ. ಎಚ್‌ಎಲ್‌ಎಸ್‌ಎಸಿ ಅಂತ ಅದರ ಹೆಸರು. ನಮ್ಮ ಪ್ರೌಢಶಾಲೆಯ ವಯಸ್ಸಿನ ಮಕ್ಕಳಿಗಾಗಿಯೇ ಮಾಡಿದ್ದು. ಒಂದೊಂದು ವಾಕ್ಯವೂ ತನಗೆ ಇದು ಆಗುತ್ತದೆ ಅನ್ನುವ ನಂಬಿಕೆ ಎಷ್ಟಿದೆ ಅಂತ ಕೇಳುತ್ತದೆ. ಬೇರೆ ಬೇರೆ ಕಡೆಯ ಆರೋಗ್ಯದ ಮಾಹಿತಿಯನ್ನು ಹೋಲಿಸಿ ನೋಡಬಲ್ಲೆನಾ, ಡಾಕ್ಟರೋ ನರ್ಸೋ ಹೇಳಿದ್ದನ್ನು ಪಾಲಿಸಬಲ್ಲೆನಾ, ಈ ಥರ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಒಟ್ಟು 10ರಿಂದ 40 ಅಂಕ. 25ರವರೆಗೆ ಕಡಿಮೆ, 36ರಿಂದ ಮೇಲೆ ಒಳ್ಳೆಯದು.

ಚಿಕ್ಕದು, ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ಇದನ್ನೇ ಆರಿಸಿಕೊಂಡೆ. ಕನ್ನಡಕ್ಕೆ ಮಾಡಿ, ಇಂಗ್ಲಿಷ್ ಚೆನ್ನಾಗಿ ಬರುವ ಗೆಳತಿಯೊಬ್ಬಳಿಂದ ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಿಸಿ, ಅರ್ಥ ಕೆಟ್ಟಿಲ್ಲ ಅಂತ ನೋಡಿಕೊಂಡೆ. ಕೊನೆಯಲ್ಲಿ ಮಂಗನ ಕಾಯಿಲೆಯ ಎರಡು ಪ್ರಶ್ನೆ ನಾನೇ ಸೇರಿಸಿದೆ. ಮನೆಯವರ ಒಪ್ಪಿಗೆ ಪಡೆದು, ಇದಕ್ಕೆ ಮಾರ್ಕ್ಸ್ ಇಲ್ಲ ಅಂತ ಮಕ್ಕಳಿಗೆ ಎರಡೆರಡು ಸಲ ಹೇಳಿ, ಹಾಳೆ ಹಂಚಿದೆ.

ಹಾಳೆ ತುಂಬಿದ ದಿನ

ಮೊದಲ ಪ್ರಶ್ನೆ ಬಂದದ್ದು ಎರಡನೇ ಬೆಂಚಿನಿಂದ. "ಟೀಚರ್, ಯಾವುದಕ್ಕೆ ಟಿಕ್ ಹಾಕಿದ್ರೆ ಸರಿ?" ಸರಿ ತಪ್ಪು ಇಲ್ಲ ಅಂದೆ. ಮಕ್ಕಳು ನಂಬಲಿಲ್ಲ. ಹಾಳೆ ಕೊಟ್ಟಿದ್ದು ಟೀಚರ್ ಅಂದಮೇಲೆ ಅದು ಪರೀಕ್ಷೆಯೇ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ ಏನು ಹೇಳಬೇಕೋ ಅದನ್ನೇ ಹೇಳಿದರು. ಬಹುತೇಕ ಹಾಳೆಗಳಲ್ಲಿ ಬಲಗಡೆಯ ಕೊನೇ ಚೌಕದಲ್ಲೇ ಮೇಲಿಂದ ಕೆಳಗೆ ಟಿಕ್.

ನಮ್ಮ ಹುಡುಗಿಗೆ 38 ಬಂತು. ಕೊನೇ ಬೆಂಚಿನ ಹುಡುಗನಿಗೆ 21. ಅವನು ಓದಿನಲ್ಲಿ ಹಿಂದೆ. ಮನೆಯಲ್ಲಿ ದನ ಕಾಯುವುದು, ಸೊಪ್ಪು ತರುವುದು ಎಲ್ಲ ಅವನದೇ.

ಮಂಗನ ಕಾಯಿಲೆಯ ಪ್ರಶ್ನೆಗೆ ಬಂದಾಗ ಅವನು ಎದ್ದು ನಿಂತ. "ಉಣ್ಣೆ ಕಚ್ಚಿದರೆ ಏನು ಮಾಡಬೇಕು" ಅಂತ ನಾನು ಬರೆದಿದ್ದೆ. ಇಲಾಖೆಯ ಕರಪತ್ರದಲ್ಲಿ ಉಣ್ಣೆ ಅಂತ ಇತ್ತು, ಹಾಗೇ ಇಳಿಸಿಕೊಂಡಿದ್ದೆ. ಅವನು ಕೇಳಿದ: "ಉಣ್ಣೆ ಅಂದ್ರೆ ಸ್ವೆಟರ್ ಹೆಣೆಯೋದಲ್ವಾ ಟೀಚರ್? ಅದು ಕಚ್ಚೋದು ಹೇಗೆ?"

ತರಗತಿ ನಕ್ಕಿತು. ಅವನು ಕೂತುಬಿಟ್ಟ, ಆ ಪ್ರಶ್ನೆ ಖಾಲಿ ಬಿಟ್ಟ. ಆದರೆ ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಪಠ್ಯದಲ್ಲಿ ಉಣ್ಣೆ ಅಂದರೆ ಕುರಿಯ ಕೂದಲು. ನಮ್ಮೂರಲ್ಲಿ ಆ ಹುಳಕ್ಕೆ ಎಲ್ಲರೂ ಹೇಳುವುದು ಉಣುಗು. ಮಾರನೇ ದಿನ ಅವನನ್ನು ಒಬ್ಬನನ್ನೇ ಕರೆದು ಉಣುಗು ಅಂತ ಕೇಳಿದೆ. ಅವನು ನಿಲ್ಲಿಸದೆ ಹೇಳುತ್ತಲೇ ಹೋದ. ಬೇಸಿಗೆ ಕಡೆ ಬರುವ ಉಣುಗು ಎಳ್ಳಿಗಿಂತ ಸಣ್ಣ, ಕಣ್ಣಿಗೆ ಕಾಣುವುದೇ ಕಷ್ಟ. ಒಣ ದರಕಿನ ಮೇಲೆ ಕೂತರೆ ಹತ್ತಿಕೊಳ್ಳುತ್ತದೆ. ದನ ಮೇದು ಬಂದಮೇಲೆ ಕಿವಿ ಒಳಗೆ, ಕೆಚ್ಚಲ ಹತ್ತಿರ ನೋಡಬೇಕು. ಮಂಗ ಸತ್ತು ಬಿದ್ದಿದ್ದರೆ ಅದರ ಮೈಮೇಲಿನ ಉಣುಗೆಲ್ಲ ಸುತ್ತ ಇಳಿದಿರುತ್ತದೆ, ಆ ಕಡೆ ಹೋಗಬಾರದು, ದೊಡ್ಡವರಿಗೆ ಹೇಳಬೇಕು. ಇದರಲ್ಲಿ ಒಂದನ್ನೂ ಅವನು ಹಾಳೆಯಲ್ಲಿ ಬರೆದಿರಲಿಲ್ಲ. ನನ್ನ ಒಂದು ಪದ ಅವನನ್ನು ಬಾಗಿಲಲ್ಲೇ ನಿಲ್ಲಿಸಿಬಿಟ್ಟಿತ್ತು.

ಅಲ್ಲಿಂದ ಮುಂದೆ ಪ್ರತಿ ವಾಕ್ಯವನ್ನೂ ಮಕ್ಕಳ ಜೊತೆ ಕೂತು ನೋಡಿದೆ. ವಾಕ್ಯ ಓದಿಸಿ "ಇದನ್ನ ನಿನ್ನ ಮಾತಲ್ಲಿ ಹೇಳು" ಅನ್ನುವುದು. ಪ್ರಶ್ನಾವಳಿ ಮಾಡುವವರೆಲ್ಲ ಹಾಳೆ ಹಂಚುವ ಮೊದಲೇ ಮಾಡುವ ಕೆಲಸ ಇದು. ನಾನು ಆಮೇಲೆ ಮಾಡಿದೆ, ಅದೇ ದೊಡ್ಡ ತಪ್ಪು. ಡಾಕ್ಟರ್ ಹೇಳಿದ್ದನ್ನು ಪಾಲಿಸುವ ವಾಕ್ಯಕ್ಕೆ ಒಬ್ಬ ಹುಡುಗಿ ಹೇಳಿದಳು, "ಡಾಕ್ಟರ್ ನನ್ನ ಹತ್ರ ಏನೂ ಹೇಳಲ್ಲ ಟೀಚರ್, ಅಮ್ಮನ ಹತ್ರ ಹೇಳ್ತಾರೆ." ಬೇರೆ ಬೇರೆ ಕಡೆಯ ಮಾಹಿತಿ ಅಂದದ್ದಕ್ಕೆ ಒಬ್ಬನಿಗೆ ನೆನಪಾದದ್ದು ಬೇರೆ ಬೇರೆ ಪಾಠಪುಸ್ತಕ. ವಾಟ್ಸಾಪಿನಲ್ಲಿ ಬಂದದ್ದು, ಅಜ್ಜಿ ಹೇಳಿದ್ದು, ಪಂಚಾಯಿತಿ ಆಟೋದ ಮೈಕಿನಲ್ಲಿ ಕೂಗಿದ್ದು ಇವೂ ಮಾಹಿತಿಯೇ ಅಂತ ಅವನಿಗೆ ಹೊಳೆದಿರಲಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ.

ಒಂದು ಪ್ಯಾಕೆಟ್, ಒಂದು ಚೊಂಬು

ಹಾಳೆ ಬದಿಗಿಟ್ಟು ಮಾಡಿ ತೋರಿಸುವ ಕೆಲಸ ಕೊಡೋಣ ಅಂತ ಯೋಚಿಸಿದೆ. ಒಬ್ಬೊಬ್ಬರನ್ನೇ ಲ್ಯಾಬಿಗೆ ಕರೆದೆ. ಮೇಜಿನ ಮೇಲೆ ಆರೋಗ್ಯ ಕೇಂದ್ರದ ಓಆರ್‌ಎಸ್ ಪ್ಯಾಕೆಟ್, ಒಂದು ಸ್ಟೀಲ್ ಲೋಟ, ಮನೆಯಲ್ಲಿರುವಂಥ ಒಂದು ಚೊಂಬು, ಖಾಲಿಯಾದ ಒಂದು ಲೀಟರ್ ನೀರಿನ ಬಾಟಲಿ, ಕುದಿಸಿ ಆರಿಸಿದ ನೀರಿನ ಪಾತ್ರೆ. "ತಮ್ಮನಿಗೆ ಬೆಳಗ್ಗಿಂದ ಭೇದಿ. ಮನೆಯಲ್ಲಿ ದೊಡ್ಡವರಿಲ್ಲ. ಇದನ್ನ ಮಾಡಿ ಕೊಡು." ಅಷ್ಟೇ ಹೇಳಿದ್ದು.

ಪ್ರಬಂಧ ಬರೆದ ಹುಡುಗಿ ಪ್ಯಾಕೆಟ್ ಮೇಲಿದ್ದ ಇಂಗ್ಲಿಷನ್ನು ತುಟಿ ಅಲ್ಲಾಡಿಸುತ್ತಾ ಓದಿದಳು. ಒಂದು ಲೀಟರ್ ಅನ್ನುವುದನ್ನೂ ಓದಿದಳು, ನನಗೆ ಕೇಳಿಸಿತು. ಆಮೇಲೆ ಪ್ಯಾಕೆಟ್ಟಿನ ತುದಿ ಕತ್ತರಿಸಿ ಲೋಟಕ್ಕೆ ಸುರಿದು, ನೀರು ಹಾಕಿ, ಚಮಚದಲ್ಲಿ ಚೆನ್ನಾಗಿ ಕದಡಿ ನನ್ನ ಮುಂದೆ ಇಟ್ಟಳು. ಯಾಕೆ ಲೋಟ ಅಂದೆ. "ತಮ್ಮ ಒಂದು ಲೋಟಕ್ಕಿಂತ ಜಾಸ್ತಿ ಕುಡಿಯಲ್ಲ ಟೀಚರ್."

ಇದು ಸಣ್ಣ ವಿಷಯ ಅಲ್ಲ. ಆ ಪ್ಯಾಕೆಟ್ಟಿನಲ್ಲಿ 20.5 ಗ್ರಾಂ ಉಪ್ಪು, ಸಕ್ಕರೆಯ ಅಂಶ ಇರುತ್ತದೆ. ಒಂದು ಲೀಟರಿಗೆ ಕೂಡಿಸಿದರೆ ಮಾತ್ರ ಅದು ಕರುಳಿನಲ್ಲಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದೇ ಲೋಟದಲ್ಲಿ ಕದಡಿದರೆ ಉಪ್ಪು ವಿಪರೀತ ಆಗುತ್ತದೆ. ಭೇದಿ ಹೆಚ್ಚಬಹುದು, ಪುಟ್ಟ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಅಪಾಯವೂ ಆಗಬಹುದು. ಪೂರ್ತಿ ಪ್ಯಾಕೆಟ್ ಒಂದು ಲೀಟರಿಗೆ, ಮಾಡಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಅವಳು ಅಳತೆ ಓದಿದ್ದಳು. ಓದಿದ್ದು ಕೈಗೆ ಇಳಿದಿರಲಿಲ್ಲ.

ಕೊನೇ ಬೆಂಚಿನ ಹುಡುಗ ಪ್ಯಾಕೆಟ್ ತಿರುಗಿಸಿ ನೋಡಿದ. "ಇಂಗ್ಲಿಷ್ ಟೀಚರ್. ಓದಕ್ಕಾಗಲ್ಲ. ಹೊರಗೆ ಅವನನ್ನ ಕೇಳಲಾ?" ನಾನು ಒಂದು ಕ್ಷಣ ತಡವರಿಸಿದೆ. ಪರೀಕ್ಷೆಯಲ್ಲಿ ಪಕ್ಕದವನನ್ನು ಕೇಳಬಾರದು ಅಂತ ನಾವೇ ಹತ್ತು ವರ್ಷ ಕಲಿಸಿದ್ದೇವಲ್ಲ. ಕೇಳು ಅಂದೆ. ಗೆಳೆಯ ಓದಿ ಹೇಳಿದ, ಒಂದು ಲೀಟರ್. ಹುಡುಗ ಬಾಟಲಿ ತುಂಬಿಸಿದ. ಸೀದಾ ಅದಕ್ಕೇ ಪುಡಿ ಹಾಕುತ್ತಾನೆ ಅಂದುಕೊಂಡೆ. ಇಲ್ಲ. ಬಾಟಲಿಯ ನೀರನ್ನು ಚೊಂಬಿಗೆ ಸುರಿದು ನೋಡಿದ. ಚೊಂಬು ತುಂಬಿ ಬಾಟಲಿಯಲ್ಲಿ ಇನ್ನೂ ಸ್ವಲ್ಪ ಉಳಿಯಿತು. "ಒಂದು ಚೊಂಬು, ಮೇಲೆ ಒಂದು ಕಾಲು ಲೋಟ" ಅಂದ. ಆಮೇಲೆ ಪುಡಿ ಹಾಕಿದ. ಯಾಕೆ ಹೀಗೆ ಅಳೆದೆ ಅಂದರೆ, "ನಮ್ಮನೇಲಿ ಬಾಟಲಿ ಇರಲ್ಲ, ಚೊಂಬೇ ಇರೋದು" ಅಂದ.

ಇವನಿಗೆ ಎಷ್ಟು ಅಂಕ ಕೊಡಬೇಕು? ಓದಲು ಬರಲಿಲ್ಲ ಅಂತ ಕಳೆಯಬೇಕಾ? ಯಾರನ್ನು ಕೇಳಬೇಕು ಅಂತ ಅವನಿಗೆ ಗೊತ್ತಿತ್ತು, ಕೇಳಲು ನಾಚಿಕೆ ಪಡಲಿಲ್ಲ, ಕೇಳಿದ್ದನ್ನು ತನ್ನ ಅಡುಗೆಮನೆಯ ಪಾತ್ರೆಗೆ ಹೊಂದಿಸಿಕೊಂಡ. ಆರೋಗ್ಯ ಸಾಕ್ಷರತೆ ಒಬ್ಬರ ತಲೆಯೊಳಗೇ ಪೂರ್ತಿ ಇರಬೇಕಿಲ್ಲ, ಮನೆಯವರು, ಗೆಳೆಯರು, ನೆರೆಯವರ ನಡುವೆ ಹಂಚಿಕೊಂಡಿರುತ್ತದೆ ಅನ್ನುವ ಸಂಶೋಧಕರಿದ್ದಾರೆ. ಮಲೆನಾಡಿನ ಒಂಟಿ ಮನೆಗಳಲ್ಲಿ ಇದು ದಿನಾ ಕಾಣುವ ವಿಷಯ. ಅಜ್ಜನ ಬಿಪಿ ಮಾತ್ರೆಯ ಪಟ್ಟಿ ಓದುವವನು ಎಂಟನೇ ತರಗತಿಯ ಮೊಮ್ಮಗ. ಯಾವ ಮಾತ್ರೆ ಯಾವಾಗ ಅಂತ ನೆನಪಿಡುವವಳು ಸೊಸೆ. ಮಾತ್ರೆ ಮುಗಿದಿದೆ ಅಂತ ಆಶಾ ಕಾರ್ಯಕರ್ತೆಗೆ ಹೇಳುವವರು ಪಕ್ಕದ ಮನೆಯವರು. ಕೇಳಿ ಮಾಡಿದ ಹುಡುಗನಿಗೆ ನಾನು ಪೂರ್ತಿ ಅಂಕ ಕೊಟ್ಟೆ. ಆದರೆ ಯಾರನ್ನು ಕೇಳಿದ ಅನ್ನುವುದನ್ನು ಪಕ್ಕದಲ್ಲಿ ಬರೆದುಕೊಂಡೆ. ತಪ್ಪು ಹೇಳುವವನನ್ನು ಕೇಳಿದ್ದರೆ?

ಅಂಗಡಿಯ ಹಣ್ಣಿನ ರಸದ ಡಬ್ಬ ಮತ್ತು ಓಆರ್‌ಎಸ್ ಪ್ಯಾಕೆಟ್ ಪಕ್ಕ ಪಕ್ಕ ಇಟ್ಟು ಯಾವುದು ಕೊಡುತ್ತೀಯ ಅಂತಲೂ ಕೇಳಿದ್ದೆ. ಇದರಲ್ಲಿ ಸುಮಾರು ಮಕ್ಕಳು ಎಡವಿದರು. ಮಕ್ಕಳದೇ ತಪ್ಪು ಅನ್ನುವಂತಿಲ್ಲ. ಸಿಹಿ ಪಾನೀಯದ ಡಬ್ಬದ ಮೇಲೆ ಓಆರ್‌ಎಸ್ ಅಂತ ಹಾಕಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಖಡಾಖಂಡಿತ ಹೇಳಿದ್ದು 2025ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ದೊಡ್ಡವರೇ ಮೋಸಹೋಗಿದ್ದಾರೆ.

ಹುಡುಗಿಯನ್ನು ಕೇಳಿದ್ದು

ಕೊನೆಗೆ ಡೆಪಾ ತೈಲದ ಬಾಟಲಿ ಮೇಜಿನ ಮೇಲಿಟ್ಟೆ. ಅಪ್ಪ ನಾಳೆ ಬೆಟ್ಟಕ್ಕೆ ಹೋಗುತ್ತಾರೆ, ಏನು ಹೇಳುತ್ತೀಯ, ಹೇಗೆ ಹಚ್ಚಬೇಕು ತೋರಿಸು ಅಂದೆ. ಹುಡುಗಿ ನೀರನ್ನೇ ಎಣ್ಣೆ ಅಂತ ಮಾಡಿಕೊಂಡು ಕಾಲು, ಕೈ, ಕುತ್ತಿಗೆ ಎಲ್ಲ ಹಚ್ಚಿ ತೋರಿಸಿದಳು. ಕಣ್ಣು ಬಾಯಿಗೆ ತಾಗಬಾರದು, ಬಂದಮೇಲೆ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಬೇಕು, ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು ಅಂದಳು. ಒಂದೂ ತಪ್ಪಿಲ್ಲ.

ಆಗ ಕೇಳಿದೆ. ಮತ್ತೆ ಮನೆಯಲ್ಲಿ ಯಾಕೆ ಯಾರೂ ಹಚ್ಚಿಕೊಳ್ಳಲಿಲ್ಲ?

ಅವಳು ಮೇಜಿನ ಅಂಚು ಕೆರೆಯುತ್ತಾ ನಿಂತಳು. ಆಮೇಲೆ ಹೇಳಿದಳು. ಡಿಸೆಂಬರ್‌ನಲ್ಲೇ ಅಪ್ಪನಿಗೆ ಹೇಳಿದ್ದಳು. ನಗುತ್ತಾ ಹೋದರಂತೆ. ಮತ್ತೊಂದು ದಿನ ಬಾಟಲಿ ತೆಗೆದು ಅಜ್ಜಿಯ ಮುಂದೆ ಹಿಡಿದಿದ್ದಳು. ನಾಲ್ಕು ಅಕ್ಷರ ಕಲಿತು ನಮಗೇ ಹೇಳಕ್ಕೆ ಬಂದ್ಯಾ ಅಂತ ಬೈಗುಳ ತಿಂದಳು. ಎಣ್ಣೆ ವಾಸನೆ, ಚರ್ಮ ಉರಿಯುತ್ತದೆ ಅಂತ ಯಾರೋ ಹೇಳಿದ್ದೂ ಸೇರಿಕೊಂಡಿತ್ತು. "ಮೂರನೇ ಸಲ ಹೇಳಲಿಲ್ಲ ಟೀಚರ್. ಅಪ್ಪನಿಗೆ ಜ್ವರ ಬಂದಾಗ ನನ್ನಿಂದಲೇ ಆಯ್ತು ಅನ್ನಿಸಿತು."

ಅವಳು ಅಷ್ಟು ದಿನ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳು. ನಾನು ಅವಳನ್ನು ಬಾಯಿಪಾಠದ ಹುಡುಗಿ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿ ಕೂತಿದ್ದೆ. ನಿನ್ನ ತಪ್ಪಿಲ್ಲ, ಎರಡು ಸಲ ಹೇಳಿದ್ದೀಯ, ಅದು ದೊಡ್ಡ ಕೆಲಸ ಅಂತ ಹೇಳಿದೆ. ಮೊದಲೇ ಕೇಳದೇ ಇದ್ದದ್ದಕ್ಕೆ ಕ್ಷಮೆಯನ್ನೂ ಕೇಳಿದೆ.

ಅಳೆಯುವವರಿಗೆ ಇಲ್ಲಿ ಒಂದು ಗಟ್ಟಿ ಪಾಠ ಇದೆ. ದೊಡ್ಡವರ ಪ್ರಶ್ನಾವಳಿಯನ್ನು ಚಿಕ್ಕದು ಮಾಡಿದರೆ ಮಕ್ಕಳ ಪ್ರಶ್ನಾವಳಿ ಆಗುವುದಿಲ್ಲ. ದೊಡ್ಡವರು ತಿಳಿದದ್ದನ್ನು ತಾವೇ ಮಾಡಬಹುದು. ಮಗು ಇನ್ನೊಬ್ಬರ ಕೈಯಲ್ಲಿದೆ. ಎಣ್ಣೆ ಹಚ್ಚುವುದು, ಆಸ್ಪತ್ರೆಗೆ ಹೋಗುವುದು, ಊಟಕ್ಕೆ ಏನು ಅನ್ನುವುದು ಯಾವುದೂ ಅದರ ತೀರ್ಮಾನ ಅಲ್ಲ. ಮನೆಯಲ್ಲಿ ನಡೆದದ್ದನ್ನು ನೋಡಿ ಮಗುವಿಗೆ ತಿಳಿವಳಿಕೆ ಇಲ್ಲ ಅಂದರೆ, ಮನೆಯವರ ಕಿವುಡನ್ನು ಮಗುವಿನ ಲೆಕ್ಕಕ್ಕೆ ಬರೆದ ಹಾಗೆ. ಅದರಲ್ಲೂ ಹೆಣ್ಣುಮಕ್ಕಳ ಲೆಕ್ಕಕ್ಕೆ. ಹಾಗಂತ ಅವಳಿಗೆ ಎಲ್ಲ ಬರುತ್ತಿತ್ತು ಅಂತಲೂ ಅಲ್ಲ. ಓಆರ್‌ಎಸ್ ಲೋಟ ನನ್ನ ಕಣ್ಣಮುಂದೆಯೇ ಇತ್ತು. ಒಂದೇ ಮಗುವಿನಲ್ಲಿ ಎರಡೂ ಇದ್ದವು. 38 ಅನ್ನುವ ಒಂದು ಸಂಖ್ಯೆ ಎರಡನ್ನೂ ಮುಚ್ಚಿಹಾಕಿತ್ತು.

ಆಮೇಲೆ

ಈಗ ನನ್ನ ಹಾಳೆ ಬೇರೆ ಥರ ಇದೆ. ಹತ್ತು ವಾಕ್ಯ ಹಾಗೇ ಇಟ್ಟಿದ್ದೇನೆ, ಮಗುವಿಗೆ ತನ್ನ ಮೇಲೆ ಎಷ್ಟು ನಂಬಿಕೆ ಇದೆ ಅನ್ನುವುದೂ ಗೊತ್ತಿರಲಿ ಅಂತ. ಪಕ್ಕದಲ್ಲಿ ಮಾಡಿ ತೋರಿಸಿದ್ದಕ್ಕೆ ಒಂದು ಕಾಲಂ. ಅದರ ಪಕ್ಕ "ಮನೆಯಲ್ಲಿ ಹೇಳಿದೆಯಾ, ಏನಂದರು" ಅಂತ ಇನ್ನೊಂದು. ಅದಕ್ಕೆ ಅಂಕ ಇಲ್ಲ. ಉಣ್ಣೆ ಹೋಗಿ ಉಣುಗು ಬಂದಿದೆ. ಆಮೇಲೆ ಸೇರಿಸಿದ ಮುಟ್ಟಿನ ವಿಷಯದ ಪ್ರಶ್ನೆಗಳನ್ನು ಹುಡುಗಿಯರು ಕೈ ಅಡ್ಡ ಇಟ್ಟುಕೊಂಡು ತುಂಬುತ್ತಿದ್ದರು, ಅದನ್ನು ಬೇರೆ ಹಾಳೆ ಮಾಡಿದ್ದೇನೆ. ಮಕ್ಕಳ ಅಂಕ ಯಾರಿಗೂ ಓದಿ ಹೇಳುವುದಿಲ್ಲ.

ಮೂರನೇ ಕಾಲಂ ತುಂಬಿದಮೇಲೆ ಒಂದು ಕೆಲಸ ಎದ್ದು ಕಂಡಿತು. ಮಕ್ಕಳಿಗೆ ಇನ್ನಷ್ಟು ಪಾಠ ಮಾಡುವುದಕ್ಕಿಂತ ಮನೆಯವರ ಹತ್ತಿರ ಹೋಗಬೇಕಿತ್ತು. ಊರಿನವರೆಲ್ಲ ಒಂದೇ ಕಡೆ ಸಿಗುವುದು ರಾತ್ರಿ ಅಡಿಕೆ ಸುಲಿಯುವಾಗ. ಫೆಬ್ರವರಿಯಲ್ಲಿ ಇನ್ನೂ ಒಂದೆರಡು ಮನೆಯಲ್ಲಿ ಸುಲಿಯುವುದು ಉಳಿದಿತ್ತು. ಆಶಾ ಕಾರ್ಯಕರ್ತೆ, ನಾನು, ನಾಲ್ಕು ಮಕ್ಕಳು ಒಂದು ಸಂಜೆ ಆ ಚಪ್ಪರಕ್ಕೆ ಹೋದೆವು. ಸಾಲಾಗಿ ಮೆಟ್ಟುಗತ್ತಿ, ನಡುವೆ ಅಡಿಕೆಯ ರಾಶಿ, ಮೇಲೆ ಒಂದು ಬಲ್ಬು. ಭಾಷಣ ಮಾಡಲಿಲ್ಲ. ಕೊನೇ ಬೆಂಚಿನ ಹುಡುಗ ಉಣುಗಿನ ಕಥೆ ಹೇಳಿದ. ಅವನು ದಿನಾ ಬೆಟ್ಟಕ್ಕೆ ಹೋಗುವವನು ಅಂತ ಎಲ್ಲರಿಗೂ ಗೊತ್ತು, ಕಿವಿಗೊಟ್ಟರು. ಹುಡುಗಿ ಬಾಟಲಿ ತೆರೆದು ತನ್ನ ಅಪ್ಪನ ಕಾಲಿಗೇ ಹಚ್ಚಿ ತೋರಿಸಿದಳು. ಅವರು ಕತ್ತಿ ಪಕ್ಕಕ್ಕಿಟ್ಟು ಕಾಲು ಚಾಚಿ ಕೂತರು. ಉರಿಯುತ್ತಾ ಅಂತ ಯಾರೋ ಕೇಳಿದರು. ಇಲ್ಲ, ತಣ್ಣಗಿದೆ ಅಂದರು.

ಹೋದ ವಾರ ಹುಡುಗಿಯನ್ನು ಕೇಳಿದೆ, ಈಗ ಮನೆಯಲ್ಲಿ ಹೇಗೆ ಅಂತ. ಅಪ್ಪ ಹಚ್ಚಿಕೊಳ್ಳುತ್ತಾರಂತೆ. ಅಮ್ಮ ನೆನಪಿಸಿದರೆ ಮಾತ್ರ. ಅಜ್ಜಿ ಕಾಲಿಗೆ ಹಚ್ಚಿಕೊಳ್ಳುತ್ತಾರೆ, ಕೈಗೆ ಇಲ್ಲ. "ಊಟ ಮಾಡೋ ಕೈಗೆ ಅದನ್ನ ಹಚ್ಕೊಳಲ್ಲ" ಅಂತಾರಂತೆ. ಅದನ್ನು ಹಾಗೇ ಮೂರನೇ ಕಾಲಂನಲ್ಲಿ ಬರೆದುಕೊಂಡೆ. ಅಜ್ಜಿಯ ಹತ್ತಿರ ಸೋಪಿನ ವಿಷಯ ಮಾತಾಡಲು ಭಾನುವಾರ ಹೋಗುತ್ತಿದ್ದೇನೆ.